ಮೇಲಿನ ಸಾಲು

ಅವರ ಮೂಗಿನ ತುದಿ ಸದಾ ನೀಲಿಯಾಗಿರುತ್ತಿತ್ತು. ಅದು ಕಂಪ್ಯೂಟರಿನ ಬೆಳಕು. ಪರದೆಗೂ ಮುಖಕ್ಕೂ ನಡುವೆ ಒಂದು ಗೇಣು ಜಾಗವೂ ಉಳಿಯದ ಹಾಗೆ ಕತ್ತನ್ನು ಕೊಕ್ಕರೆಯಂತೆ ಮುಂದಕ್ಕೆ ಚಾಚಿ ಕೂರುತ್ತಿದ್ದರು. ದಪ್ಪ ಕನ್ನಡಕದ ಎರಡೂ ಗಾಜಿನಲ್ಲಿ ಅರ್ಜಿಯ ಖಾನೆಗಳು ಪುಟ್ಟದಾಗಿ ಮೂಡಿರುತ್ತಿದ್ದವು. ಕೈಗಳಿಗೆ ಮಾತ್ರ ಮುಖದ ಗೊಡವೆಯೇ ಇರಲಿಲ್ಲ. ಅವು ಕೀಲಿಮಣೆಯ ಮೇಲೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. "ಸರ್ ಅರ್ಜಿ ತುಂಬೂದಿಲ್ಲ, ಮೂಸಿ ನೋಡತಾರ" ಎಂದು ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕವಳೇ. ಆ ನಗುವನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಅವರನ್ನು ಕೊನೆಯವರೆಗೂ ಟೈಪಿಂಗ್ ಸರ್ ಎಂದೇ ಕರೆದೆ. ಪಿಯುಸಿ ಮುಗಿದ ವರ್ಷ ನಾಗನೂರಿನಿಂದ ಬಸ್ಸು ಹತ್ತಿ ಗೋಕಾಕದ ಅವರ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಕಟ್ಟಿಗೆಯ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಸಾಲಾಗಿ ಯಂತ್ರಗಳು. ಕಲಿಯುವವರ ಕೈ ಮೇಲೆ ಸರ್ ಒಂದು ಟವೆಲ್ ಹೊದಿಸುತ್ತಿದ್ದರು, ಕೀಲಿ ನೋಡಬಾರದು ಎಂದು. "ಕಣ್ಣು ಹಾಳಿ ಮ್ಯಾಲಿರಲಿ. ಬೆರಳಿಗೆ ತಮ್ಮ ಮನಿ ತಾವೇ ಗೊತ್ತಾಗತೈತಿ" ಎನ್ನುವರು. ಆಮೇಲೆ ಕಣ್ಣು ಮುಚ್ಚಿ ಹಿಂದೆ ಮುಂದೆ ಅಡ್ಡಾಡುವರು. ಯಾರಾದರೂ ಟವೆಲ್ಲಿನ ಅಂಚು ಎತ್ತಿ ಕದ್ದು ನೋಡಿದರೆ ಬೆರಳು ಅರೆಗಳಿಗೆ ನಿಲ್ಲುತ್ತದೆ. ಅಷ್ಟು ಸದ್ದು ನಿಂತರೆ ಸಾಕಿತ್ತು ಅವರಿಗೆ. "ಮೂರನೇ ಮಿಷನ್, ಕಣ್ಣು ಮ್ಯಾಲ!" ಮೂರನೇ ಮಿಷನ್ ಬಹಳ ಸಲ ನಾನೇ ಆಗಿರುತ್ತಿದ್ದೆ.

ಅಲ್ಲಿ ಎರಡು ಬಗೆಯ ಇಂಗ್ಲಿಷ್ ಯಂತ್ರಗಳಿದ್ದವು. ಒಂದರದು ದಪ್ಪ ಅಕ್ಷರ, ಇಂಚಿಗೆ ಹತ್ತು ಕೂರುತ್ತಿದ್ದವು. ಇನ್ನೊಂದರದು ಸಣ್ಣ ಅಕ್ಷರ, ಇಂಚಿಗೆ ಹನ್ನೆರಡು. ಯಂತ್ರ ಬದಲಾದರೆ ಸಾಲು ಎಲ್ಲಿ ಮುರಿಯಬೇಕು ಎನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಹಾಳೆಯ ಅಂಚಿಗೆ ಹೋಗಿ ಡಿಕ್ಕಿ ಹೊಡೆಯುತ್ತಿದ್ದೆ. ಸರ್ ಒಂದು ದಿನ ಪಕ್ಕದಲ್ಲಿ ಕೂತು ಅಡ್ಡಪಟ್ಟಿ ಇಟ್ಟು ಹೇಳಿದರು: "ನೋಡು ತಂಗಿ, ಸಾಲಿಗೆ ಎಷ್ಟು ಅನ್ನೂದು ಒಂದು ಲೆಕ್ಕ. ಇಂಚಿಗೆ ಎಷ್ಟು ಅನ್ನೂದು ಬ್ಯಾರೆ ಲೆಕ್ಕ. ಎರಡೂ ಕಲಸಿ ಸಾರು ಮಾಡಬ್ಯಾಡ." ನಾನು ಹೂಂ ಎಂದೆ. ಪರೀಕ್ಷೆ ಪಾಸಾಗುವಷ್ಟು ದಿನ ನೆನಪಿಟ್ಟುಕೊಂಡು ಮರೆತೆ.

ಟೈಪಿಂಗ್ ಕಲಿಯುವವರು ಕಡಿಮೆಯಾಗಿ ಕ್ಲಾಸು ಮುಚ್ಚಿದ ಮೇಲೆ ಸರ್ ಹುಕ್ಕೇರಿಯ ತಮ್ಮ ಮನೆಗೆ ಹೋದರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಆನ್‌ಲೈನ್ ಅರ್ಜಿ ತುಂಬುವ ಒಂದು ಖಾಸಗಿ ಕೇಂದ್ರದಲ್ಲಿ ಕೆಲಸ ಮಾಡತೊಡಗಿದರು. ಕೆಲವು ವರ್ಷದ ನಂತರ ಅದೇ ಕೇಂದ್ರಕ್ಕೆ ನಾನೂ ಸೇರಿದೆ. ನನ್ನನ್ನು ಕೆಲಸಕ್ಕೆ ಕಳಿಸಲು ಮನೆಯಲ್ಲಿ ಒಪ್ಪಿದ್ದು ಒಂದು ಕರಾರಿನ ಮೇಲೆ. ಹೊರಗಿನಿಂದ ನನ್ನ ಬಗ್ಗೆ ಒಂದೇ ಒಂದು ದೂರು ಬಂದರೂ ಮನೆಗೆ ವಾಪಸ್ಸು, ಆಮೇಲೆ ಅವರು ನೋಡಿದ ಗಂಡಿಗೆ ತಲೆಬಾಗುವುದು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನನ್ನಂಥವಳಿಗೆ ಇದು ಸಣ್ಣ ಕರಾರಲ್ಲ.

ಕೇಂದ್ರವೆಂದರೆ ಹಿಂದೆ ಕಿಟಕಿಯಿಲ್ಲದ, ಮುಂದೆ ಶಟರ್ ಇರುವ ಒಂದು ಮಳಿಗೆ. ಎರಡು ಮೇಜು, ಎರಡು ಕಂಪ್ಯೂಟರ್. ಸರ್ ಒಳಗಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದರು. ಅವರು ಹೊರಗೆ ಬರಬೇಕೆಂದರೆ ನಾನು ಎದ್ದು ಕುರ್ಚಿ ಸರಿಸಬೇಕು. ನಾನು ಹೊರಗೆ ಬರಬೇಕೆಂದರೆ ಬಾಗಿಲಲ್ಲಿ ಕಿಕ್ಕಿರಿದ ಗಿರಾಕಿಗಳು ಸರಿಯಬೇಕು. ಬೆಳಿಗ್ಗೆ ಹೊಕ್ಕರೆ ಊಟದ ಹೊತ್ತಿನವರೆಗೆ ಇಬ್ಬರೂ ಕೈದಿಗಳೇ. ಅಷ್ಟು ಇಕ್ಕಟ್ಟಿನ ಮೂಲೆಯನ್ನು ಅವರು ದೊಡ್ಡ ಮನಸ್ಸಿನಿಂದ ತಾವು ಇಟ್ಟುಕೊಂಡಿದ್ದಾರೆ ಎಂದುಕೊಂಡಿದ್ದೆ. ಬೆನ್ನ ಹಿಂದೆ ಗೋಡೆ ಇದ್ದರೆ ಪರದೆಯನ್ನು ಯಾರೂ ಹಿಂದಿನಿಂದ ನೋಡಲಾಗುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಹೊಳೆಯಬೇಕಾದ್ದು ಇನ್ನೂ ಬಹಳ ಇತ್ತು. ಸಂಜೆ ನಿಲ್ದಾಣದಲ್ಲಿ ಎದುರಿಗೇ ಹುಕ್ಕೇರಿ ಬೋರ್ಡಿನ ಬಸ್ಸು ನಿಂತಿದ್ದರೂ ಸರ್ ಪಕ್ಕದವರನ್ನು "ಹುಕ್ಕೇರಿ ಏನ್ರಿ ಇದು?" ಎಂದು ಕೇಳುವರು. ಸಣ್ಣ ಅಕ್ಷರದ ಚೀಟಿಯನ್ನು "ನೀ ಓದವಾ, ನಿನ್ನ ಉಚ್ಚಾರ ಚೊಲೋ ಐತಿ" ಎಂದು ನನ್ನ ಕಡೆ ದಾಟಿಸುವರು. ಉಬ್ಬಿ ಹೋಗಿ ಓದುತ್ತಿದ್ದೆ. ಒಮ್ಮೆ ಅವರ ಪರದೆಯನ್ನು ಓರೆಯಾಗಿ ಕಂಡಾಗ ಅರ್ಜಿದಾರರ ಫೋಟೊ ಅಗಲಕ್ಕೆ ಹಿಗ್ಗಿದಂತಿತ್ತು. "ಏನ್ರಿ ಸರ್, ನಿಮ್ಮ ಕಡೆ ಬಂದವರೆಲ್ಲಾ ಉಂಡು ದಪ್ಪ ಆಗ್ಯಾರಲ್ರಿ" ಎಂದು ಚೇಷ್ಟೆ ಮಾಡಿದೆ. ಅವರು ನಕ್ಕು ಪರದೆಯನ್ನು ಒಂದಿಷ್ಟು ಗೋಡೆಯ ಕಡೆ ತಿರುಗಿಸಿಕೊಂಡರು. ಅವರ ಕಟ್ಟುನಿಟ್ಟು ಎಂದರೆ ಒಂದೇ: "ನನ್ನ ಮಿಷನ್ನಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಒಂದು ದಿನ ಸರ್ ರಜೆ ಹಾಕಿದ್ದರು. ನನ್ನ ಕಂಪ್ಯೂಟರ್ ಅವತ್ತೇ ಕೈಕೊಟ್ಟಿತು. ಕೇಂದ್ರದ ಮಾಲಕರು ಮೂಲೆಯದರಲ್ಲಿ ಕೂರು ಎಂದರು. ಪರದೆ ಹೊತ್ತಿಸಿದರೆ ಕೈಬೆರಳ ಗಾತ್ರದ ಅಕ್ಷರಗಳು, ಅಂಚೆಲ್ಲ ಮಬ್ಬು. ಅರ್ಜಿಯ ಕಿಟಕಿ ಅರ್ಧ ಕೆಳಕ್ಕೆ ಇಳಿದು ಮಾಯವಾಗಿತ್ತು. ಅರ್ಜಿ ತುಂಬುವ ಆ ತಂತ್ರಾಂಶದ ಕಿಟಕಿ ಕುಗ್ಗುತ್ತಿರಲಿಲ್ಲ, ಸರಿಯುತ್ತಲೂ ಇರಲಿಲ್ಲ. ಕೊನೆಯಲ್ಲಿ ಒತ್ತಬೇಕಾದ 'ಕಳುಹಿಸಿ' ಗುಂಡಿ ಪರದೆಯ ತಳದಿಂದ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ ಇತ್ತು. ಇಷ್ಟು ದಿನ ಇವರು ಅರ್ಜಿ ಕಳಿಸಿದ್ದಾದರೂ ಹೇಗೆ ಎಂದು ತಲೆ ಕೆರೆದುಕೊಂಡೆ.

ಕಾರಣ ಹುಡುಕಿದರೆ ಸುಲಭದ್ದೇ. ಆ ಮಾನಿಟರಿನಲ್ಲಿ ಅಡ್ಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು, ಮೇಲಿಂದ ಕೆಳಕ್ಕೆ ಸಾವಿರದ ಎಂಬತ್ತು ಚುಕ್ಕಿಗಳಿದ್ದವು. ಪಿಕ್ಸೆಲ್ ಎನ್ನುವುದು ಇವನ್ನೇ. ಕಾರ್ಖಾನೆಯಲ್ಲಿ ಕೂರಿಸಿದ ಚುಕ್ಕಿ ಆಮೇಲೆ ಒಂದು ಹೆಚ್ಚಾಗದು, ಒಂದು ಕಡಿಮೆಯಾಗದು. ಸರ್ ಅದಕ್ಕೆ ಎಂಟುನೂರು, ಆರುನೂರು ಚುಕ್ಕಿಯಷ್ಟೇ ಚಿತ್ರ ಬರೆ ಎಂದು ಹೇಳಿಟ್ಟಿದ್ದರು. ಸಣ್ಣ ಚಾದರವನ್ನು ದೊಡ್ಡ ಮಂಚಕ್ಕೆ ಜಗ್ಗಿ ಹಾಸಿದಂತೆ, ಒಂದು ಚುಕ್ಕಿಯ ಚಿತ್ರ ಎರಡು ಎರಡೂವರೆ ಚುಕ್ಕಿಯ ಮೇಲೆ ಹರಡುತ್ತಿತ್ತು. ಅರ್ಧ ಚುಕ್ಕಿ ಎಂಬುದು ಇಲ್ಲವಾದ್ದರಿಂದ ಅಂಚೆಲ್ಲ ಕಲಸಿಹೋಗುತ್ತಿತ್ತು. ಅಡ್ಡಕ್ಕೆ ಹೆಚ್ಚು ಜಗ್ಗಿದ್ದರಿಂದ ಎಲ್ಲರೂ ದಪ್ಪ ಕಾಣುತ್ತಿದ್ದರು. ನಾನು ಸೆಟ್ಟಿಂಗಿಗೆ ಹೋಗಿ, ರೆಸಲ್ಯೂಷನ್ ಎಂಬ ಸಾಲಿನಲ್ಲಿ ಮೊದಲಿನ ಲೆಕ್ಕವನ್ನು ಆರಿಸಿದೆ. ಎಲ್ಲ ಸಣ್ಣಗಾಯಿತು, ಚೊಕ್ಕವಾಯಿತು, ಗುಂಡಿ ಮೇಲೆ ಬಂತು. ಉಪಕಾರ ಮಾಡಿದೆ ಎಂದು ಬೀಗಿದೆ.

ಮರುದಿನ ಸರ್ ಬಂದು ಕೂತರು. ಕತ್ತು ಚಾಚಿದರು. ಕೈ ಓಡಲಿಲ್ಲ. ಎದುರಿಗೆ ಆರೇಳು ಜನ ಕಾಯುತ್ತಿದ್ದರು. ಸರ್ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನನ್ನ ಪರದಿ ಯಾರು ಮುಟ್ಟೀರಿ?" ದನಿ ಬಹಳ ಕೆಳಗಿತ್ತು.

"ನಾನೇರಿ ಸರ್. ಕೆಟ್ಟಿತ್ತು, ಸರಿ ಮಾಡೇನಿ."

"ಕೆಟ್ಟಿರಲಿಲ್ಲವಾ ಅದು" ಎಂದರು. ತಲೆ ಸುತ್ತುತ್ತದೆ ಎಂದು ಹೇಳಿ ಗಿರಾಕಿಗಳನ್ನೆಲ್ಲ ನನ್ನ ಕಡೆ ಕಳಿಸಿದರು. ಊಟದ ಹೊತ್ತಿಗೆ ಮಾಲಕರು ಹೊರಗೆ ಹೋದ ಮೇಲೆ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿಯುತ್ತ ಕೂತರೇ ಹೊರತು ತುತ್ತು ಬಾಯಿಗೆ ಹೋಗಲಿಲ್ಲ.

"ತಂಗಿ, ನನಗ ಕಾಣೂದಿಲ್ಲ. ಶುಗರಿನಿಂದ ಕಣ್ಣಿನ ಹಿಂದಿನ ನರ ಹಾಳಾಗ್ಯಾವ ಅಂತ. ಚಷ್ಮಾ ಬದಲಿ ಮಾಡಿದರೂ ಅಷ್ಟ. ಅಕ್ಷರ ದಪ್ಪ ಇದ್ದರ ಹೆಂಗೋ ಹಿಡೀತೇನಿ."

"ಮನ್ಯಾಗ ಗೊತ್ತೈತ್ರಿ?"

"ಇಲ್ಲ. ಅಕಿಗೆ ಹೇಳಿದರ ನಾಳಿಂದ ಮನಿ ಬಿಡಾಕ ಕೊಡೂದಿಲ್ಲ. ಮಾಲಕರಿಗೆ ಹೇಳಿದರ ನಾಳಿಂದ ಇಲ್ಲಿ ಒಳಗ ಬರಾಕ ಕೊಡೂದಿಲ್ಲ. ಕಟ್ಟಿ ಮ್ಯಾಲ ಕುಂತು ಹಾದಿ ನೋಡೂದೇನು ನಾನು? ಹಾದಿನೂ ಕಾಣೂದಿಲ್ಲಲ್ಲವಾ." ಅದಕ್ಕೆ ತಾವೇ ಸಣ್ಣಗೆ ನಕ್ಕರು.

"ಮತ್ತ ಆ ಗುಂಡಿ? ಅದು ಪರದಿ ಕೆಳಗ ಬಿದ್ದಿತ್ತಲ್ರಿ?"

ಈಗ ಅವರ ಮುಖ ಅರಳಿತು. "ಕಡೀ ಖಾನೆ ಆದ ಮ್ಯಾಲ ಟ್ಯಾಬ್ ಮೂರು ಸಲ, ಎಂಟರ್ ಒಂದು ಸಲ. ಗುಂಡಿ ಕಣ್ಣಿಗೆ ಕಾಣಬೇಕಂತೇನೈತಿ? ಬೆರಳಿಗೆ ಅದರ ಮನಿ ಗೊತ್ತೈತಿ."

ನಾನು ಸೋತುಹೋದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಕೈಯಾರೆ ಪರದೆಯನ್ನು ಮತ್ತೆ ಎಂಟುನೂರು, ಆರುನೂರಕ್ಕೆ ಇಳಿಸಿದೆ. ಅಂದಿನಿಂದ ಅವರ ಗುಟ್ಟಿನ ಮೂಲೆಯಲ್ಲಿ ನಾನೂ ಸಿಕ್ಕಿಕೊಂಡೆ. ಮಾಲಕರು ಆ ಕಡೆ ಬಂದರೆ ಕೆಮ್ಮುವುದು, ಚೀಟಿಗಳನ್ನು ಕೇಳುವ ಮೊದಲೇ ಓದುವುದು, ಗಿರಾಕಿ ಕೈಚಾಚಿದ್ದು ಅವರಿಗೆ ಕಾಣದಿದ್ದಾಗ ನಡುವೆ ಕೈಹಾಕುವುದು. ಒಂದೊಂದು ದಿನ ಸಾಕಪ್ಪಾ ಎನಿಸಿ ಅವರ ಮೇಲೆ ಸಿಡುಕುತ್ತಿದ್ದೆ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅದು ಇನ್ನೂ ಸಂಕಟ.

ಮುಂದಿನ ವರ್ಷ ಅರ್ಜಿಗಳ ಸುಗ್ಗಿಯ ಹೊತ್ತಿಗೆ ಆ ತಂತ್ರಾಂಶ ಹೊಸದಾಯಿತು. ನೋಡಲು ಮೊದಲಿನ ಹಾಗೆಯೇ. ಕೆಳಗಿನ ಗುಂಡಿಗಳ ಸಾಲಿನಲ್ಲಿ ಮಾತ್ರ 'ಕರಡು ಉಳಿಸಿ' ಎಂಬುದೊಂದು ಹೊಸದಾಗಿ ನಡುವೆ ಬಂದು ಕೂತಿತ್ತು. ಮೂರನೆಯದಾಗಿದ್ದ 'ಕಳುಹಿಸಿ' ನಾಲ್ಕನೆಯದಾಗಿತ್ತು. ನನಗೆ ಕಣ್ಣೆದುರೇ ಇತ್ತು, ಮೌಸ್ ಅತ್ತ ಒಯ್ದೆ, ಅದನ್ನು ಸರ್‌ಗೆ ಹೇಳಬೇಕು ಎಂಬ ಯೋಚನೆಯೇ ಬರಲಿಲ್ಲ. ಸರ್ ಎಂದಿನಂತೆ ಟ್ಯಾಬ್ ಮೂರು ಸಲ ಒತ್ತಿ ಎಂಟರ್ ಒತ್ತುತ್ತಿದ್ದರು. ಕರಡು ಉಳಿಸಿದರೂ ಒಂದು ನಂಬರಿನ ಚೀಟಿ ಮುದ್ರಣವಾಗಿ ಬರುತ್ತಿತ್ತು. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ 'ಕರಡು' ಎಂದಿರುತ್ತಿತ್ತು. ಚೀಟಿ ಬಂತಲ್ಲ ಎಂದು ಸರ್ ಕೊಡುತ್ತಿದ್ದರು, ಚೀಟಿ ಸಿಕ್ಕಿತಲ್ಲ ಎಂದು ಜನ ಒಯ್ಯುತ್ತಿದ್ದರು.

ಒಂದು ಮಧ್ಯಾಹ್ನ ಧುಪದಾಳದ ಹೆಣ್ಣುಮಗಳೊಬ್ಬಳು ಬಂದಳು. ಹೊಲದ ಕೂಲಿ ಮಾಡುವಾಕೆ. ಎಸ್ಸೆಸ್ಸೆಲ್ಸಿ ಪಾಸಾದ ಮಗಳ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿಸಿ ಹೋಗಿದ್ದಳು.

"ಹಾಸ್ಟೆಲ್ ಯಾದ್ಯಾಗ ಹೆಸರೇ ಇಲ್ಲ ಅಂತಾರವಾ. ಅರ್ಜಿನೇ ಬಂದಿಲ್ಲಂತ. ಹಾಸ್ಟೆಲ್ ಇಲ್ಲಂದ್ರ ಕಾಲೇಜಿಗೆ ಕಳಸೂದಿಲ್ಲ ಅಂತ ಅವರಪ್ಪ ಕುಂತಾನ."

ಚೀಟಿ ಇಸಿದುಕೊಂಡು ನೋಡಿದೆ, ನೆತ್ತಿಯ ಮೇಲೆ 'ಕರಡು' ಎಂದಿತ್ತು. ಪಟ್ಟಿ ತೆರೆದೆ. ಕಳಿಸದೇ ಉಳಿದ ಅರ್ಜಿಗಳು ಒಂದರ ಕೆಳಗೊಂದು ಹದಿನೈದು. ಹದಿನಾಲ್ಕಕ್ಕೆ ಇನ್ನೂ ಅವಧಿ ಇತ್ತು. ಈ ಹುಡುಗಿಯದು ಮಾತ್ರ ಎರಡು ದಿನದ ಹಿಂದೆ ಮುಗಿದಿತ್ತು. ಗದ್ದಲ ಕೇಳಿ ಮಾಲಕರು ಬಂದರು. ಪಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಬ್ಬರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಯಾವುದು ಯಾರದೆಂದು ಅಲ್ಲಿ ಬರೆದಿರಲಿಲ್ಲ.

"ಇದು ನಿಂದೇ ಕೆಲಸ. ಬಾಯಿ ಜೋರು, ಕೈ ಗಡಿಬಿಡಿ. ಆ ಸರ್ ಕೈಯಾಗ ಒಂದು ಅಕ್ಷರ ತಪ್ಪಿದ್ದು ನೋಡಿಲ್ಲ ನಾ. ತಡಿ, ನಿಮ್ಮಪ್ಪಗ ಫೋನ್ ಹಚ್ಚತೇನಿ."

ನಾನಲ್ಲ ಎಂದರೆ ಉಳಿಯುವುದು ಒಬ್ಬರೇ. ನಾನೇ ಎಂದರೆ ಸಂಜೆಯ ನಾಗನೂರ ಬಸ್ಸೇ ನನ್ನ ಕೊನೆಯ ಬಸ್ಸು. ಸರ್ ಕಡೆ ನೋಡಿದೆ, ಏನಾದರೂ ಹೇಳ್ರಿ ಎಂಬಂತೆ ನೋಡಿದೆ. ಆಮೇಲೆ ನೆನಪಾಯಿತು, ಅಷ್ಟು ದೂರದಿಂದ ಅವರಿಗೆ ನನ್ನ ಮುಖವೇ ಕಾಣುವುದಿಲ್ಲ. ಮಾಲಕರು ಆಗಲೇ ಫೋನ್ ಕಿವಿಗೆ ಇಡುತ್ತಿದ್ದರು.

ಮೂಲೆಯಲ್ಲಿ ಕುರ್ಚಿ ಗೋಡೆಗೆ ಬಡಿದ ಸದ್ದಾಯಿತು. ಸರ್ ಎದ್ದು ನಿಂತಿದ್ದರು. ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಫೋನ್ ಇಡ್ರಿ. ಅವು ನಾ ತುಂಬಿದ ಅರ್ಜಿ."

"ಅಕಿನ್ನ ಉಳಸಾಕ ಹಿಂಗನಬ್ಯಾಡ್ರಿ ಸರ್. ನಿಮ್ಮನ್ನ ನಾ ಬಲ್ಲೆ."

"ಬಲ್ಲಿರೇನು? ತಗೋರಿ, ಆ ಚೀಟಿ ಕೊಡ್ರಿಲ್ಲೆ. ಓದು ಅನ್ರಿ ನನಗ."

ಯಾರೋ ಚೀಟಿ ದಾಟಿಸಿದರು. ಸರ್ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಚೆ ಈಚೆ ವಾಲಿಸಿದರು. ಚೀಟಿ ತಲೆಕೆಳಗಾಗಿತ್ತು. ಅವರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು.

ಮಾಲಕರು ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಸರ್ ಧುಪದಾಳದಾಕೆಯ ದನಿ ಬಂದಿದ್ದ ಕಡೆ ತಿರುಗಿ ಕೈಮುಗಿದರು. "ನಿಮ್ಮ ಮಗಳ ವರ್ಷ ನಾ ಹಾಳು ಮಾಡೇನಿ ತಾಯಿ."

ಆಕೆ ಬೈಯಲಿಲ್ಲ. "ನನಗ ಓದಾಕ ಬರೂದಿಲ್ಲರಿ. ನಿಮಗ ಬರತೈತಂತ ನಿಮ್ಮ ಕಡೆ ಬಂದಿದ್ನಿ" ಎಂದಳು ಅಷ್ಟೇ. ಸರ್ ಕೂತುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

ಸ್ವಲ್ಪ ಹೊತ್ತಿನ ಮೇಲೆ ಬುತ್ತಿಯ ಚೀಲ ಎತ್ತಿಕೊಂಡರು. ನಾನು ಎದ್ದು ಕುರ್ಚಿ ಸರಿಸಿದೆ. ಜನ ದಾರಿ ಬಿಟ್ಟರು. ಅವರು ಆ ಮೂಲೆಯಿಂದ ಹೊರಗೆ ಬಂದದ್ದು ಅದೇ ಕೊನೆ. ನಾನು ಅವತ್ತು ನಿಲ್ದಾಣದವರೆಗೆ ಹೋಗಿ ಹುಕ್ಕೇರಿ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯ ಒಳಗಿನಿಂದ ಕೈಬೀಸಿದರು, ನಾನು ನಿಂತಿದ್ದ ಕಡೆಗಲ್ಲ.

ನನ್ನಪ್ಪನಿಗೆ ಆ ಫೋನು ಹೋಗಲಿಲ್ಲ. ಹೋಗಿದ್ದರೆ ಮುಂದಿನ ವರ್ಷ ಮೂಡಲಗಿಯಲ್ಲಿ ನಾನು ಅರ್ಜಿ ತುಂಬುವ ಅಂಗಡಿ ಇಡುವ ಮಾತೇ ಇರುತ್ತಿರಲಿಲ್ಲ. ಧುಪದಾಳದ ಹುಡುಗಿ ಆ ವರ್ಷವೆಲ್ಲ ಅವ್ವನ ಹಿಂದೆ ಕಳೆ ಕೀಳಲು ಹೋದಳು. ಸರ್ ಹೋಗಿ ಏನೇ ಹೇಳಿದರೂ ಅವಳಪ್ಪ ಜಗ್ಗಲಿಲ್ಲ. ಈ ಎರಡನ್ನೂ ಒಟ್ಟಿಗೇ ನೆನೆಯಬೇಕು. ಒಂದನ್ನು ಮಾತ್ರ ನೆನೆದರೆ ಸರ್ ಒಪ್ಪುವುದಿಲ್ಲ.

ಅಂಗಡಿಗೆ ಪರದೆ ಕೊಳ್ಳಲು ಹೋದಾಗ ಒಂದು ಸೋಜಿಗ ಕಂಡಿತು. ಪಕ್ಕಪಕ್ಕ ಎರಡು ಪರದೆ, ಒಂದು ಚಿಕ್ಕದು, ಒಂದು ದೊಡ್ಡದು. ಎರಡರ ಮೇಲೂ ಬರೆದ ಚುಕ್ಕಿಯ ಲೆಕ್ಕ ಒಂದೇ. ಹಾಗಾದರೆ ಚಿಕ್ಕದರಲ್ಲಿ ಅಕ್ಷರದ ಅಂಚು ಅಷ್ಟು ಚೂಪಾಗಿ ಏಕಿದೆ? ಮಾರುವವನಿಗೂ ಗೊತ್ತಿರಲಿಲ್ಲ. ನಿಂತಲ್ಲೇ ಕಿವಿಯಲ್ಲಿ ಸರ್ ದನಿ ಕೇಳಿತು. ಸಾಲಿಗೆ ಎಷ್ಟು ಒಂದು ಲೆಕ್ಕ, ಇಂಚಿಗೆ ಎಷ್ಟು ಬೇರೆ ಲೆಕ್ಕ. ಇಂಚಿನೊಳಗೆ ಚುಕ್ಕಿಗಳು ಒತ್ತಾಗಿ ಕೂತಿದ್ದರೆ ಒಂದೊಂದು ಅಕ್ಷರಕ್ಕೂ ಹೆಚ್ಚು ಚುಕ್ಕಿ ಸಿಗುತ್ತವೆ. ಚುಕ್ಕಿಗಳನ್ನು ಅವುಗಳ ಪಾಡಿಗೆ ಬಿಟ್ಟು ಅಕ್ಷರವನ್ನಷ್ಟೇ ದೊಡ್ಡದು ಮಾಡಿದರೆ ದಪ್ಪವೂ ಉಂಟು, ಚೊಕ್ಕವೂ ಉಂಟು. ಸರ್ ಬೇಡ ಎಂದು ಎಸೆದ ಚುಕ್ಕಿಗಳೇ ಅವರಿಗೆ ಬೇಕಾಗಿದ್ದವು. ನಾನು ಆ ಎರಡನ್ನೂ ಬಿಟ್ಟು, ಚುಕ್ಕಿ ಇನ್ನೂ ಹೆಚ್ಚಿದ್ದು ಒತ್ತಾಗಿ ಕೂತ ದೊಡ್ಡ ಪರದೆಯನ್ನೇ ಹುಡುಕಿ ತಂದೆ.

ಆ ಜೂನಿನಲ್ಲಿ ಸರ್ ಧುಪದಾಳದ ತಾಯಿ ಮಗಳನ್ನು ಕರೆದುಕೊಂಡು ಮೂಡಲಗಿಗೆ ಬಂದರು. ಹುಡುಗಿ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಅವಳಪ್ಪ ಆ ವರ್ಷ ಹೂಂ ಎಂದಿದ್ದ, ಹಾಸ್ಟೆಲ್ ಸಿಕ್ಕರೆ ಮಾತ್ರ. ಅರ್ಜಿ ತುಂಬಿ ಕಳಿಸಿದೆ. ಚೀಟಿ ಬಂದ ಮೇಲೆ ಸರ್ ಹುಡುಗಿಗೆ, "ನೆತ್ತಿ ಮ್ಯಾಲ ಏನೈತಿ ಓದು" ಎಂದರು. "ಕಳುಹಿಸಲಾಗಿದೆ" ಎಂದು ಓದಿದಳು. "ಇನ್ನೊಮ್ಮೆ ಓದವಾ" ಎಂದರು. ಮೂರು ಸಲ ಓದಿಸಿದರು.

ಅವರಿಬ್ಬರೂ ಚಹಾಕ್ಕೆ ಕೆಳಗೆ ಇಳಿದಾಗ ಸರ್ ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವರು ರೂಢಿಯಂತೆ ಕತ್ತು ಚಾಚಿದರು. ಮೂಗು ನೀಲಿಯಾಯಿತು. ಆಮೇಲೆ ಎಂದೂ ನೋಡಿರದ ಒಂದನ್ನು ನೋಡಿದೆ. ಸರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮೊಳದಷ್ಟು ದೂರದಲ್ಲಿ ಕೂತು ಒಂದು ಸಾಲನ್ನು ನಿಧಾನವಾಗಿ ಗಟ್ಟಿಯಾಗಿ ಓದಿದರು.

"ಅಕ್ಷರಕ್ಕ ಅಂಚು ಐತಿ! ಏನ್ ಮಾಡಿದೆವಾ ಇದಕ್ಕ?"

ಹೇಳುವ ಹುರುಪಿನಲ್ಲಿ ಸೆಟ್ಟಿಂಗ್ ತೆರೆದು ತೋರಿಸಿದೆ. "ಇಲ್ಲಿ ನೋಡ್ರಿ, ರೆಸಲ್ಯೂಷನ್ ಮುಟ್ಟಬಾರದು. ಅದರ ಮ್ಯಾಲಿನ ಸಾಲು, ಸ್ಕೇಲ್ ಅಂತ. ಅಕ್ಷರ ಎಷ್ಟು ದೊಡ್ಡದು ಬೇಕು ಅದನ್ನ ಇಲ್ಲಿ ಹೇಳೂದು."

ಸರ್ ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡಿದರು.

"ಆ ಗೋಕಾಕದ ಮಿಷನ್ನಿನಾಗೂ ಇತ್ತೇನು, ಈ ಮ್ಯಾಲಿನ ಸಾಲು?"

ಇತ್ತು. ಅದೇ ಪಟ್ಟಿಯಲ್ಲಿ, ಅದೇ ಜಾಗದಲ್ಲಿ ಇತ್ತು. ಆ ಪರದೆ ಇಷ್ಟು ಚೊಕ್ಕ ಇರಲಿಲ್ಲ, ನಿಜ. ಆದರೂ ಒಂದಿಷ್ಟು ಹಿಗ್ಗಿಸಿದ್ದರೆ ಅವರು ಓದುತ್ತಿದ್ದರು, ಗುಂಡಿಯೂ ಕಾಣುತ್ತಿತ್ತು. ಅವರ ಪರದೆಯನ್ನು ಸರಿ ಮಾಡಿದ ದಿನ, ಮತ್ತೆ ಕೆಡಿಸಿದ ದಿನ, ಎರಡು ಸಲ ನನ್ನ ಕೈ ಆ ಸಾಲಿನ ಪಕ್ಕದಲ್ಲೇ ಹಾದುಹೋಗಿತ್ತು. ಅವರಿಗೆ ಬಾಗಿಲು ಅಲ್ಲೇ ಇತ್ತು. ಹುಡುಗಿಯ ವರ್ಷ ಉಳಿಯುತ್ತಿತ್ತು. ಇದನ್ನು ಹೇಗೆ ಹೇಳಲಿ?

"ಇಲ್ಲರಿ ಸರ್. ಇದು ಹೊಸಾದು, ಈಗ ಬಂದೈತಿ" ಎಂದೆ. ಹೇಳುತ್ತಲೇ ಏನೋ ಕೆಲಸವಿದ್ದವಳ ಹಾಗೆ ಕೀಲಿಮಣೆ ಎಳೆದುಕೊಂಡು ಕುಟ್ಟತೊಡಗಿದೆ.

ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಮೂರನೇ ಮಿಷನ್" ಎಂದರು ಮೆತ್ತಗೆ. "ನಡುವ ನಿನ್ನ ಬೆರಳು ನಿಂತಾವ."

ನನಗೆ ಅಳು ತಡೆಯಲಿಲ್ಲ. ಅವರು ನನ್ನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟರು. "ಇರಲಿ ಬಿಡವಾ. ನನಗ ಕಾಣಲಿಲ್ಲ, ನೀ ನೋಡಲಿಲ್ಲ."

ಹೋದ ಚಳಿಗಾಲದಲ್ಲಿ ಸರ್ ಹುಕ್ಕೇರಿಯ ಮನೆಯಲ್ಲಿ ತೀರಿಕೊಂಡರು. ಕಡೆಯ ವರ್ಷ ಬೆಳಕು ಕತ್ತಲು ಎರಡೇ ತಿಳಿಯುತ್ತಿದ್ದವು. ಕಟ್ಟೆಯ ಮೇಲೆ ಕೂತು, ಹಾದಿಯಲ್ಲಿ ಹೋಗುವವರನ್ನು ಚಪ್ಪಲಿಯ ಸದ್ದಿನಿಂದಲೇ ಗುರುತಿಸುತ್ತಿದ್ದರಂತೆ. ಮಣ್ಣಿಗೆ ಧುಪದಾಳದ ಹುಡುಗಿಯೂ ಹಾಸ್ಟೆಲಿನಿಂದ ಬಂದಿದ್ದಳು.

ಅಂಗಡಿಗೆ ಬಂದವರು ಯಾರೇ ಕಣ್ಣು ಕಿರಿದು ಮಾಡಿ ಕತ್ತು ಚಾಚಿದರೂ ಈಗ ನಾನು ಏನೂ ಕೇಳುವುದಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ ಆ ಪಟ್ಟಿ ತೆರೆಯುತ್ತೇನೆ. ಮೇಲಿನ ಸಾಲಿಗೆ ಬಂದಾಗ ಪ್ರತಿ ಸಲ ನನ್ನ ಬೆರಳು ಅರೆಗಳಿಗೆ ನಿಲ್ಲುತ್ತದೆ. ನಿಂತದ್ದನ್ನು ಕೇಳಿಸಿಕೊಳ್ಳುವವರು ಈಗ ಇಲ್ಲ.